ಹಾಲು ಹಾಕದ ಚಹಾ

ಕೆನೆ ತೆಗೆದ ಹಾಲಿನ ಪುಡಿಗೆ ಒಂದು ವಾಸನೆಯಿದೆ. ಪೂರ್ತಿ ಸಿಹಿಯೂ ಅಲ್ಲ, ಪೂರ್ತಿ ಹುಳಿಯೂ ಅಲ್ಲ. ಎಳೆ ಮಗುವಿನ ಕತ್ತಿನ ಬಳಿ ಮೂಗಿಟ್ಟರೆ ಬರುತ್ತದಲ್ಲ, ಹೆಚ್ಚುಕಡಿಮೆ ಅದು. ಮೊನ್ನೆ ಮುಂಬಯಿ ಹತ್ತಿರದ ಕಲ್ಯಾಣದ ನಮ್ಮ ಕಾಲೇಜಿನ ಲ್ಯಾಬಿನಲ್ಲಿ ಏನೋ ಬರೆಯುತ್ತ ಕುಳಿತಿದ್ದಾಗ ಆ ವಾಸನೆ ಬಂತು. ತಲೆಯೆತ್ತಿ ನೋಡಿದರೆ ನನ್ನ ವಿದ್ಯಾರ್ಥಿನಿಯೊಬ್ಬಳು ಡಬ್ಬಿಯ ಮುಚ್ಚಳ ತೆಗೆದು ಚಮಚ ಇಳಿಸುತ್ತಿದ್ದಾಳೆ. ಅವಳ ಪಕ್ಕದಲ್ಲಿ, ಐಸಿನ ಮೇಲೆ, ನಾನೇ ಬೆಳಿಗ್ಗೆ ಫ್ರೀಜರಿನಿಂದ ತೆಗೆದುಕೊಟ್ಟ ಪುಟ್ಟ ಸೀಸೆ ಕೂತಿದೆ.

"ಹಾಲು ಬೇಡ!" ಎಂದು ಕಿರುಚಿದೆ.

ಲ್ಯಾಬೆಲ್ಲ ನನ್ನ ಕಡೆ ತಿರುಗಿತು. ಹುಡುಗಿಯ ಮನೆಯವರು ವಿಜಯಪುರದ ಕಡೆಯವರು. ಕನ್ನಡ ಚೆನ್ನಾಗಿ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. "ಕ್ಯೂಂ ಮ್ಯಾಮ್? ಸಬ್ ಮೇ ತೋ ದೂಧ್ ಹೀ ಡಾಲತೇ ಹೈ," ಎಂದಳು, ಎಲ್ಲದಕ್ಕೂ ಹಾಲನ್ನೇ ತಾನೇ ಹಾಕುವುದು ಎಂದು ಮುಖ ಸಣ್ಣದು ಮಾಡಿಕೊಂಡು. ಕಿರುಚಿದ ಆ ದನಿ ನನ್ನದಾಗಿರಲಿಲ್ಲ... ಅದು ಅಕ್ಕೋರದು. ಅವರು ತೀರಿಹೋಗಿ ಕೆಲವು ವರ್ಷಗಳೇ ಆದವು.

ನಾನು ಎಂ.ಎಸ್ಸಿ. ಮುಗಿಸಿ ನವಿ ಮುಂಬಯಿಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿದ್ದ ಒಂದು ಸಣ್ಣ ಕಂಪನಿಗೆ ಸೇರಿದ್ದು ಎರಡು ಸಾವಿರದ ದಶಕ ಮುಗಿಯುತ್ತ ಬಂದ ಹೊತ್ತಿಗೆ. ಸುತ್ತ ಹೊಗೆ ಕಾರುವ ಕಾರ್ಖಾನೆಗಳು, ನಡುವೆ ನಮ್ಮ ಎರಡು ಮಾಳಿಗೆಯ ಲ್ಯಾಬು. ಅಲ್ಲಿಯ ಹಿರಿಯ ವಿಜ್ಞಾನಿ ಅವರು. ಬಾಗಲಕೋಟೆ ಕಡೆಯವರು, ಥಾಣೆಯ ವರ್ತಕ ನಗರದಲ್ಲಿ ಮನೆ. ಎತ್ತರದ ಆಳು, ಇಳಕಲ್ ಸೀರೆಯ ಮೇಲೆ ಬಿಳಿ ಕೋಟು, ಮೆಟ್ಟಿಲ ಕೆಳಗಿನಿಂದಲೇ ಕೇಳಿಸುವ ಗಂಟಲು. ಮೊದಲ ದಿನ ನಾನು ಮೇಡಂ ಎಂದೆ. ಅವರು ನನ್ನ ಅರ್ಜಿಯಲ್ಲಿದ್ದ ಅಡ್ಡಹೆಸರು ನೋಡಿ, "ನೀ ಕನ್ನಡದಾಕಿ ಹೌದಿಲ್ಲೋ?" ಎಂದು ಕೇಳಿದರು.

"ಹೌದು. ಊರು ಉಡುಪಿ ಹತ್ತಿರ. ಮನೆಯಲ್ಲಿ ತುಳು ಮಾತಾಡುವುದು."

"ತುಳು ನನಗ ಬರೂದಿಲ್ಲವಾ. ನಿನ್ನ ಪುಸ್ತಕದ ಕನ್ನಡ ನಡೀತೈತಿ. ಮೇಡಂ ಗೀಡಂ ಬ್ಯಾಡ. ನಮ್ಮ ಕಡೆ ಸಾಲ್ಯಾಗ ಕಲಿಸೂ ಹೆಣ್ಮಕ್ಕಳಿಗೆ ಅಕ್ಕೋರು ಅಂತಾರ, ಹಂಗ ಅನ್ನು."

ಅಂದಿನಿಂದ ಅಕ್ಕೋರು. ನನ್ನ ಬಾಯಿಂದ ಅದು ಮರಾಠಿಗರ ಬಾಯಿಗೆ ಹೋಗಿ, ಗೇಟಿನ ವಾಚ್‌ಮನ್ ಕೂಡ "ಅಕ್ಕೋರ್ ಮ್ಯಾಡಂ" ಎನ್ನತೊಡಗಿದ. ಅವರಿಗೆ ಬೈಯಲೂ ಬರುತ್ತಿತ್ತು, ಬೈದ ಮೇಲೆ ಶೇಂಗಾ ಉಂಡೆ ಕೊಡಲೂ ಬರುತ್ತಿತ್ತು. ಚಹಾದ ವಿಷಯದಲ್ಲಿ ಮಾತ್ರ ರಾಜಿಯೇ ಇಲ್ಲ. ಹಾಲು ಗಟ್ಟಿಯಾಗಿರಬೇಕು, ಮೇಲೆ ಕೆನೆ ಕಟ್ಟಬೇಕು. ಗೇಟಿನ ಹೊರಗಿನ ಚಹಾದ ಟಪರಿಯವನು ನೀರು ಹೆಚ್ಚು ಹಾಕಿದ ದಿನ ಇವರ ದನಿ ಅವನಿಗೆ ಅಲ್ಲಿಯವರೆಗೂ ಕೇಳುತ್ತಿತ್ತು.

ನಮ್ಮ ಕೆಲಸ ಏನೆಂದು ಸ್ವಲ್ಪ ಹೇಳಬೇಕು. ಹೊರಗಿನಿಂದ ಬಂದದ್ದನ್ನು ಗುರುತಿಸಿ ಹಿಡಿಯಲು ಮೈಯೇ ತಯಾರಿಸುವ ಪ್ರೋಟೀನು ಆಂಟಿಬಾಡಿ. ಮನುಷ್ಯರ ಯಾವುದಾದರೊಂದು ಪ್ರೋಟೀನನ್ನು ಮೊಲಕ್ಕೆ ಚುಚ್ಚಿದರೆ, ಮೊಲದ ರಕ್ತದಲ್ಲಿ ಅದನ್ನು ಹಿಡಿಯುವ ಆಂಟಿಬಾಡಿ ಹುಟ್ಟುತ್ತದೆ. ಅದನ್ನು ಶುದ್ಧ ಮಾಡಿ ಸೀಸೆಗೆ ತುಂಬಿದರೆ ಲ್ಯಾಬಿಗೆ ಒಬ್ಬ ಪತ್ತೇದಾರ ಸಿಕ್ಕಂತೆ. ಸಾವಿರ ಪ್ರೋಟೀನುಗಳ ಗುಂಪಿನಲ್ಲಿ ನಮಗೆ ಬೇಕಾದವನು ಇದ್ದಾನೋ ಇಲ್ಲವೋ ಹೇಳುತ್ತದೆ. ಇದ್ದರೆ ಎಕ್ಸ್‌ರೇ ಫಿಲ್ಮಿನ ಮೇಲೆ ಒಂದು ಕಪ್ಪು ಗೆರೆ ಮೂಡುತ್ತದೆ. ಅಕ್ಕೋರು ಹಿಂದೆ ಬಿದ್ದಿದ್ದ ಪ್ರೋಟೀನಿನ ಹೆಸರು ಆಸ್ಟಿಯೋಪಾಂಟಿನ್. ಮೂಳೆಯಲ್ಲಿರುತ್ತದೆ, ಮೂತ್ರಪಿಂಡದಲ್ಲಿರುತ್ತದೆ, ಕೆಲವು ಕಾಯಿಲೆಗಳಲ್ಲಿ ಏರುತ್ತದೆ.

ಅದನ್ನು ಹಿಡಿಯುವ ಆಂಟಿಬಾಡಿ ಆಗ ನಮಗೆ ಹೊರದೇಶದಿಂದ ಬರಬೇಕಿತ್ತು. ಐಸಿನಲ್ಲಿ ಹೊರಟದ್ದು ವಿಮಾನ ನಿಲ್ದಾಣದ ಕಸ್ಟಮ್ಸ್‌ನಲ್ಲಿ ಕೂತು, ಐಸೆಲ್ಲ ನೀರಾಗಿ, ನಮ್ಮ ಕೈಗೆ ಬರುವಾಗ ಯಾವುದಕ್ಕೂ ಬೇಡವಾಗಿರುತ್ತಿತ್ತು. ಒಮ್ಮೆ ಅಂಥ ಡಬ್ಬಿ ತೆರೆದು ಅಕ್ಕೋರು, "ಇದರ ಬದಲಿ ಎಳನೀರಾದ್ರೂ ಕಳಿಸಿದ್ರ ಕುಡೀತಿದ್ವಿ," ಎಂದಿದ್ದರು. ನಮ್ಮದೇ ಆದದ್ದೊಂದು ಮಾಡಬೇಕು, ಇಲ್ಲೇ, ಈ ಎಂಐಡಿಸಿಯ ಹೊಗೆಯ ನಡುವೆಯೇ ಮಾಡಬೇಕು ಎಂದು ಅವರು ಹಟ ಹಿಡಿದು ಕಂಪನಿಯ ಸಾಹೇಬರನ್ನು ಒಪ್ಪಿಸಿದ್ದರು. ಮೊಲಗಳು ಬಂದವು. ಅವುಗಳಲ್ಲಿ ಒಂದು ದಪ್ಪನೆಯ ಹೆಣ್ಣು ಮೊಲ, ಯಾರನ್ನೂ ಲೆಕ್ಕಕ್ಕಿಡದೆ ಗೂಡಿನ ನಡುವೆ ಕೂರುತ್ತಿತ್ತು. ಅಕ್ಕೋರು ಅದಕ್ಕೆ ಯಜಮಾನ್ತಿ ಎಂದು ಹೆಸರಿಟ್ಟರು, ದಿನವೂ ಹೋಗಿ ಕ್ಯಾರೆಟ್ ತಿನ್ನಿಸಿ ಬರುತ್ತಿದ್ದರು.

ಯಜಮಾನ್ತಿಯ ಆಂಟಿಬಾಡಿ ಬಂತು. ಪರೀಕ್ಷೆ ಮಾಡಿದೆವು. ಫಿಲ್ಮು ಖಾಲಿ.

ಮತ್ತೆ ಮಾಡಿದೆವು. ಖಾಲಿ. ಹೆಚ್ಚು ಹಾಕಿ ನೋಡಿದೆವು, ಹೊಸ ರಾಸಾಯನಿಕ ತಂದು ನೋಡಿದೆವು, ಯಜಮಾನ್ತಿಗೆ ಮತ್ತೊಮ್ಮೆ ಚುಚ್ಚಿ ಹೊಸದಾಗಿ ತೆಗೆದು ನೋಡಿದೆವು. ಖಾಲಿ ಅಂದರೆ ಖಾಲಿ. ಹೊಟ್ಟೆ ಉರಿಯುವ ಸಂಗತಿಯೆಂದರೆ, ಅಪರೂಪಕ್ಕೆ ಕೆಡದೆ ಬಂದಿದ್ದ ಹೊರದೇಶದ ಸೀಸೆ ಅದೇ ಪರೀಕ್ಷೆಯಲ್ಲಿ, ಅದೇ ದಿನ, ಅಚ್ಚುಕಟ್ಟಾಗಿ ಗೆರೆ ಎಳೆಯುತ್ತಿತ್ತು. ಅಂದಮೇಲೆ ತಪ್ಪು ನಮ್ಮ ಮೊಲದ್ದೇ ಎಂದು ಎಲ್ಲರೂ ತೀರ್ಮಾನಿಸಿದರು.

ಸಾಹೇಬರು ಕೆಟ್ಟವರಲ್ಲ. ಆದರೆ ಅವರ ತಾಳ್ಮೆಗೂ ಒಂದು ಕೊನೆಯಿತ್ತು. ಹೊರದೇಶದ ಕಂಪನಿಯೊಂದರ ಏಜೆನ್ಸಿ ಸಿಗುವುದಿತ್ತು. ಅವರ ಸೀಸೆ ತರಿಸುವುದು, ನಮ್ಮ ಚೀಟಿ ಅಂಟಿಸುವುದು, ಮಾರುವುದು. ಬರುವ ವಾರದ ಮೀಟಿಂಗಿನಲ್ಲಿ ನಿರ್ಧಾರ ಎಂದರು. ಆ ನಿರ್ಧಾರವಾದರೆ ಮೊಲಗಳು ಹೋಗುತ್ತವೆ, ನಮ್ಮ ಲ್ಯಾಬು ಗೋದಾಮಾಗುತ್ತದೆ. ಅಕ್ಕೋರು ಆ ದಿನ ಯಾರಿಗೂ ಬೈಯಲಿಲ್ಲ. ಟಪರಿಯ ನೀರು ಚಹಾವನ್ನೂ ಸುಮ್ಮನೆ ಕುಡಿದರು. ಅದನ್ನು ನೋಡಿ ನನಗೆ ನಿಜಕ್ಕೂ ಹೆದರಿಕೆಯಾಯಿತು.

ಅದೇ ವಾರ ಡೊಂಬಿವಲಿಯಲ್ಲಿ ನಮ್ಮ ಹೊಸ ಫ್ಲಾಟಿನ ಮನೆಯೊಕ್ಕಲು ಇತ್ತು. ಅಪ್ಪ ಹೋಟೆಲಿನ ಗಲ್ಲಾದಲ್ಲಿ ಕೂತು ಕೂತು ಕಟ್ಟಿಕೊಂಡ ಮನೆ. ಅಕ್ಕೋರನ್ನು ಕರೆದೆ, ಬರಲಾರರು ಎಂದುಕೊಂಡೇ ಕರೆದೆ. ಬಂದರು. ಸಂಜೆಯ ಊಟಕ್ಕೆ ಅಮ್ಮನ ಪತ್ರೊಡೆಯನ್ನು ಎರಡೆರಡು ಸಲ ಹಾಕಿಸಿಕೊಂಡು ತಿಂದರು. ಹೊರಡಲು ಎದ್ದವರನ್ನು ಅಮ್ಮ ಬಿಡಲಿಲ್ಲ.

"ಈಗ ಎಂತ ಹೋಗುವುದು ಮಾರಾಯ್ರೆ? ಇಲ್ಲಿಯೇ ಮಲಗಿ. ನಾಳೆ ಇವಳೊಟ್ಟಿಗೆ ಸೀದಾ ಆಫೀಸಿಗೆ ಹೋದರಾಯ್ತಲ್ಲ."

ಹಾಗೆ, ಮರುದಿನ ಬೆಳಿಗ್ಗೆ, ಅಕ್ಕೋರು ಬದುಕಿನಲ್ಲಿ ಮೊದಲ ಸಲ ಡೊಂಬಿವಲಿಯ ಪ್ಲಾಟ್‌ಫಾರ್ಮಿನ ಮೇಲೆ ಆಫೀಸಿನ ಹೊತ್ತಿಗೆ ನಿಂತರು. ಅವರದು ದಿನವೂ ಥಾಣೆಯಿಂದ ಹೊರಟು ನವಿ ಮುಂಬಯಿಗೆ ಹೋಗುವ ಗಾಡಿ. ಥಾಣೆಯಲ್ಲೇ ಹುಟ್ಟುವ ಗಾಡಿ ಅದು. ಹತ್ತಿದರೆ ಸೀಟು, ಕೂತರೆ ಕಿಟಕಿ. ಡೊಂಬಿವಲಿಯವರ ಪಾಡು ಅವರಿಗೆ ಗೊತ್ತಿರಲಿಲ್ಲ. ನಾನು ಮುಂದಿನ ಗಾಡಿಗೆ ಹೋಗೋಣ ಎಂದೆ. ಅವರು ಫಲಕ ನೋಡಿ, "ಯಾಕ? ಇದು ಇಲ್ಲಿಂದನ ಹೊರಡೂ ಗಾಡಿ. ಖಾಲಿ ಬರತೈತಿ, ಆರಾಮ ಕೂತು ಹೋಗೂಣು," ಎಂದು ಸೆರಗು ಸಿಕ್ಕಿಸಿ ತಯಾರಾದರು. ನಾನು ಬಾಯಿ ಬಿಡುವುದರೊಳಗೆ ಗಾಡಿ ಬಂತು. ಹೆಂಗಸರ ಡಬ್ಬಿಗೆ ಅವರು ನುಗ್ಗಿದ ರಭಸಕ್ಕೆ ನಾನೂ ಹಿಂದೆಯೇ ಒಳಗಾದೆ.

ಒಳಗೆ ಒಂದು ಸೀಟೂ ಖಾಲಿ ಇರಲಿಲ್ಲ. ಕಿಟಕಿಯಿಂದ ಕಿಟಕಿಗೆ ಹೆಂಗಸರು ಆರಾಮವಾಗಿ ಕೂತಿದ್ದರು. ಒಬ್ಬಳು ಬಟಾಣಿ ಸುಲಿಯುತ್ತಿದ್ದಳು, ಒಬ್ಬಳು ಆಗಲೇ ನಿದ್ದೆಗೆ ಜಾರಿದ್ದಳು. ಇಲ್ಲಿಂದ ಹೊರಡುವ ಗಾಡಿಗೆ ಇವರೆಲ್ಲ ಎಲ್ಲಿಂದ ಬಂದರೆಂದು ಕೇಳದೆ ಅಕ್ಕೋರಿಗೆ ತಡೆಯಲಾಗಲಿಲ್ಲ.

"ಅರೇ, ಗಾಡೀ ತೋ ಯಹಾಂ ಸೇ ಚಾಲೂ ಹೋತೀ ಹೈ! ಆಪ್ ಲೋಗ್ ಕಹಾಂ ಸೇ ಆ ಗಯೇ?"

ಬಟಾಣಿಯವಳು ತಲೆಯೆತ್ತಿ ನಕ್ಕಳು, ಮುಂಬ್ರಾದಿಂದಲೇ ಕೂತು ಬಂದಿದ್ದೇವೆ ಎಂದು. "ಮುಂಬ್ರಾ ಸೇ ಬೈಠ್ ಕೇ ಆಯೇ ಹೈ, ಆಂಟಿ."

ಅಕ್ಕೋರು ನನ್ನ ಮುಖ ನೋಡಿದರು. ನಾನು ವಿವರಿಸಿದೆ. ಈ ಗಾಡಿ ಮುಂಬಯಿಯಿಂದ ಬಂದು, ಡೊಂಬಿವಲಿಯಲ್ಲಿ ಖಾಲಿಯಾಗಿ, ಮತ್ತೆ ಮುಂಬಯಿಗೆ ತಿರುಗುತ್ತದೆ. ದಾರಿಯ ನಡುವಿನ ಮುಂಬ್ರಾದವರು, ದಿವಾದವರು ತಮ್ಮ ಸ್ಟೇಷನ್ನಿನಲ್ಲಿ ಮುಂಬಯಿಯ ಕಡೆ ಹೋಗುವ ಗಾಡಿ ಹತ್ತಿದರೆ ಕಾಲಿಡಲೂ ಜಾಗವಿರುವುದಿಲ್ಲ. ಅದಕ್ಕೇ ಅವರು ಇದೇ ಗಾಡಿ ಈ ಕಡೆ ಬರುವಾಗಲೇ, ಉಲ್ಟಾ ದಿಕ್ಕಿನಲ್ಲಿ ಹತ್ತಿ ಕೂತುಬಿಡುತ್ತಾರೆ. ಡೊಂಬಿವಲಿಯಲ್ಲಿ ಇಳಿಯುವುದಿಲ್ಲ. ಗಾಡಿ ತಿರುಗುತ್ತದೆ, ಅವರು ಕೂತೇ ಇರುತ್ತಾರೆ.

"ಅಂದರ ಗಾಡಿ ನಮ್ಮ ಹತ್ರ ಬರೂದರೊಳಗ ತುಂಬೇ ಬಂದಿರತೈತಿ?"

"ಹೌದು ಅಕ್ಕೋರೇ. ಹೆಸರಿಗೆ ಡೊಂಬಿವಲಿ ಲೋಕಲ್. ಡೊಂಬಿವಲಿಯವರಿಗೆ ಸೀಟೇ ಇಲ್ಲ."

ಅಕ್ಕೋರು ಮೇಲಿನ ಹಿಡಿ ಹಿಡಿದು, ಕೂತವರನ್ನು ಒಬ್ಬೊಬ್ಬರನ್ನಾಗಿ ನೋಡುತ್ತ ನಿಂತರು. ಅವರಿಗೆ ಕೋಪ ಬಂದಿದೆ, ಸುಸ್ತಾಗಿದೆ ಎಂದೆಲ್ಲ ನಾನು ಅಂದುಕೊಂಡೆ. ದಿವಾ ಹೋಯಿತು, ಮುಂಬ್ರಾದ ಗುಡ್ಡ ಹೋಯಿತು. ನಿಂತವರ ಮೊಣಕೈಗಳ ನಡುವೆ ಅವರ ಇಳಕಲ್ ಸೀರೆಯ ನೆರಿಗೆಗಳು ದಿಕ್ಕಾಪಾಲಾಗುತ್ತಿದ್ದವು, ಅದರ ಕಡೆಗೂ ಗಮನವಿರಲಿಲ್ಲ.

ಕಳವಾ ಬರುವ ಹೊತ್ತಿಗೆ ಅವರು ಇಡೀ ಡಬ್ಬಿ ಬೆಚ್ಚಿಬೀಳುವಂತೆ ಕೂಗಿದರು. "ಹಾಲು!"

ಮಲಗಿದ್ದವಳು ಎದ್ದಳು. ಬಟಾಣಿಯವಳು, ಪಾಪ, ಆಂಟಿಗೆ ತಲೆ ತಿರುಗಿತೆಂದುಕೊಂಡು ಬಟಾಣಿಯ ಚೀಲ ಸರಿಸಿ ಸೀಟು ಬಿಟ್ಟುಕೊಟ್ಟಳು. ಅಕ್ಕೋರು ಕೂರಲಿಲ್ಲ. ಅಷ್ಟು ಹೊತ್ತು ಹಂಬಲಿಸಿದ ಸೀಟು ಎದುರಿಗಿತ್ತು, ಕೂರುವ ವ್ಯವಧಾನ ಎಲ್ಲಿತ್ತು ಅವರಿಗೆ? ನನ್ನ ಭುಜ ಹಿಡಿದು ಅಲ್ಲಾಡಿಸಿದರು.

"ಹಾಲಿನ್ಯಾಗೂ ಅದ ಪ್ರೋಟೀನ್ ಇರತೈತಿ, ಹುಡುಗಿ! ಆಕಳ ಹಾಲಿನ್ಯಾಗ! ನಮ್ಮ ಆಂಟಿಬಾಡಿ ಸತ್ತಿಲ್ಲ. ಅದಕ್ಕ ಹೊಟ್ಟಿ ತುಂಬೈತಿ!"

ಇದೂ ಸ್ವಲ್ಪ ಬಿಡಿಸಿ ಹೇಳಬೇಕು. ಪರೀಕ್ಷೆಯಲ್ಲಿ ಪ್ರೋಟೀನುಗಳನ್ನು ಒಂದು ತೆಳುವಾದ ಹಾಳೆಗೆ ಇಳಿಸುತ್ತೇವೆ. ಆ ಹಾಳೆ ಸಿಕ್ಕಿದ್ದನ್ನೆಲ್ಲ ಅಂಟಿಸಿಕೊಳ್ಳುವ ಜಾತಿಯದು. ಆಂಟಿಬಾಡಿ ಕಂಡಕಂಡಲ್ಲಿ ಅಂಟಬಾರದೆಂದು ಮೊದಲು ಹಾಳೆಯನ್ನು ಹಾಲಿನಲ್ಲಿ ನೆನೆಸಿ ಖಾಲಿ ಜಾಗವನ್ನೆಲ್ಲ ಮುಚ್ಚುತ್ತೇವೆ, ಆಮೇಲೆ ಆಂಟಿಬಾಡಿಯನ್ನೂ ಹಾಲಿನಲ್ಲೇ ಕದಡಿ ಸುರಿಯುತ್ತೇವೆ. ಬೇರೆ ಲ್ಯಾಬುಗಳಲ್ಲಿ ಹಾಲಿನ ಬದಲು ಆಲ್ಬುಮಿನ್ ಎಂಬ ಶುದ್ಧ ಪ್ರೋಟೀನನ್ನೂ ಬಳಸುತ್ತಾರೆ. ನಮ್ಮಲ್ಲಿ ಅದು ನಿಷಿದ್ಧ. "ಕೆಳಗ ಕಿರಾಣಿ ಅಂಗಡ್ಯಾಗ ಹಾಲಿನ ಪುಡಿ ಸಿಗತೈತಿ, ಅದಕ್ಕ ಕಸ್ಟಮ್ಸ್ ಇಲ್ಲ. ಹಾಲು ಎಂದೂ ಮೋಸ ಮಾಡೂದಿಲ್ಲ," ಎಂಬುದು ಅಕ್ಕೋರ ಆಜ್ಞೆ. ಅವರು ಹಾಲಿನ ಮೇಲೆ ಇಟ್ಟಿದ್ದ ನಂಬಿಕೆ ಚಹಾದಿಂದ ಶುರುವಾಗಿ ಲ್ಯಾಬಿನವರೆಗೂ ಹಬ್ಬಿತ್ತು. ನಾವು ಮಾಡಿದ ಒಂದೊಂದು ಪರೀಕ್ಷೆಯೂ ಹಾಲಿನಲ್ಲೇ ಆಗಿತ್ತು.

ಹೊರದೇಶದ ಆಂಟಿಬಾಡಿ ಮನುಷ್ಯರ ಪ್ರೋಟೀನಿನಲ್ಲಿ ಮಾತ್ರ ಇರುವ ಒಂದು ತುಣುಕನ್ನು ಹಿಡಿಯುವಂಥದ್ದು, ಹಾಲು ಅದನ್ನು ಏನೂ ಮಾಡಲಿಲ್ಲ. ಯಜಮಾನ್ತಿಯದು ಮನುಷ್ಯರಲ್ಲೂ ಹಸುವಿನಲ್ಲೂ ಒಂದೇ ಆಗಿರುವ ಭಾಗವನ್ನು ಹಿಡಿಯುತ್ತಿತ್ತು. ಹಾಲಿಗೆ ಬಿದ್ದ ಕೂಡಲೇ ಹಾಲಿನಲ್ಲಿದ್ದದ್ದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಹಾಳೆಯ ಹತ್ತಿರ ಬರುವ ಹೊತ್ತಿಗೆ ಡೊಂಬಿವಲಿ ಲೋಕಲ್ಲಿನಂತೆ ಪೂರ್ತಿ ತುಂಬಿರುತ್ತಿತ್ತು.

ಥಾಣೆಯಲ್ಲಿ ಗಾಡಿ ಬದಲಿಸಿ ಘನ್ಸೋಲಿಯಲ್ಲಿ ಇಳಿದು ರಿಕ್ಷಾದಲ್ಲಿ ಕೂತದ್ದು, ಅವರು ಕೋಟು ಹಾಕಿಕೊಳ್ಳುವುದನ್ನೂ ಮರೆತು ಕೆಲಸಕ್ಕಿಳಿದದ್ದು ಎಲ್ಲ ಒಂದರ ಮೇಲೊಂದು ಬಿದ್ದಂತೆ ನೆನಪಿದೆ... ಫ್ರಿಜ್ಜಿನ ಮೂಲೆಯಲ್ಲಿ ಯಾರೋ ಹಿಂದಿನವರು ಬಿಟ್ಟುಹೋಗಿದ್ದ ಆಲ್ಬುಮಿನ್ ಸೀಸೆ ಸಿಕ್ಕಿತು. ಎರಡು ಹಾಳೆ ಮಾಡಿದೆವು, ಒಂದು ಹಾಲಿನಲ್ಲಿ, ಒಂದು ಆಲ್ಬುಮಿನ್‌ನಲ್ಲಿ. ಯಜಮಾನ್ತಿಯ ಒಂದೇ ಸೀಸೆಯ ಆಂಟಿಬಾಡಿ ಎರಡಕ್ಕೂ. ಸಂಜೆಯ ಹೊತ್ತಿಗೆ ಅವರೂ ನಾನೂ ಡಾರ್ಕ್‌ರೂಮಿನಲ್ಲಿದ್ದೆವು. ಹಳೆಯ ಬಚ್ಚಲುಮನೆಗೆ ಕಪ್ಪು ಬಟ್ಟೆ ಹೊಡೆದು ಮಾಡಿದ ಡಾರ್ಕ್‌ರೂಮು ಅದು, ಕೆಂಪು ಬಲ್ಬು, ಒಬ್ಬರ ಮೊಣಕೈ ಇನ್ನೊಬ್ಬರ ಪಕ್ಕೆಗೆ ತಾಗುವಷ್ಟು ಜಾಗ. ಹಾಲಿನ ಫಿಲ್ಮನ್ನು ಟ್ರೇಯಲ್ಲಿ ಅದ್ದಿದೆ. ಎಂದಿನಂತೆ ಖಾಲಿ. ಎರಡನೆಯದನ್ನು ಅವರು ನನ್ನ ಕೈಯಿಂದ ಕಿತ್ತುಕೊಂಡು ತಾವೇ ಅದ್ದಿದರು.

ಮೊದಲು ಏನೂ ಇರಲಿಲ್ಲ. ಆಮೇಲೆ ನಡುವೆ ಒಂದು ಮಬ್ಬು. ಮಬ್ಬು ಬೂದಿಯಾಗಿ, ಬೂದಿ ಕಪ್ಪಾಗಿ, ಕಾಡಿಗೆ ತೀಡಿದಂತೆ ಒಂದು ಗೆರೆ, ಎಲ್ಲಿ ಇರಬೇಕೋ ಸರಿಯಾಗಿ ಅಲ್ಲೇ.

"ಬಂತು! ಬಂತವಾ ಬಂತು! ನನ್ನ ಯಜಮಾನ್ತಿ ಬಂಗಾರ!" ಎಂದು ಅಕ್ಕೋರು ಕುಣಿದರು. ಕುಣಿಯಲು ಜಾಗವಿಲ್ಲದ್ದರಿಂದ ನನ್ನನ್ನೂ ಹಿಡಿದುಕೊಂಡೇ ಕುಣಿದರು. ಆ ಕೆಂಪು ಬೆಳಕಿನಲ್ಲಿ ಅವರು ಅಳುತ್ತಿದ್ದರೋ ನಗುತ್ತಿದ್ದರೋ ನನಗೆ ತಿಳಿಯಲಿಲ್ಲ. ನಾನಂತೂ ಎರಡನ್ನೂ ಮಾಡುತ್ತಿದ್ದೆ.

ಮೀಟಿಂಗಿನಲ್ಲಿ ಅವರು ಎರಡೂ ಫಿಲ್ಮುಗಳನ್ನು ಕಿಟಕಿಯ ಗಾಜಿಗೆ ಅಕ್ಕಪಕ್ಕ ಅಂಟಿಸಿದರು. ಹಿಂದಿನ ಬೆಳಕಿನಲ್ಲಿ ಖಾಲಿಯೂ ಗೆರೆಯೂ ಎದ್ದು ಕಂಡವು. ಬೇರೆ ಯಾರಾದರೂ ಆಗಿದ್ದರೆ ರಾಸಾಯನಿಕದ ಮೇಲೆ, ಫಿಲ್ಮಿನ ಮೇಲೆ, ನನ್ನಂಥ ಹೊಸಬರ ಮೇಲೆ ತಪ್ಪು ಹೊರಿಸಬಹುದಿತ್ತು. ಅಕ್ಕೋರು ಎದೆ ಸೆಟೆಸಿ ನಿಂತು, "ಚೂಕ್ ಮಾಝೀ," ಎಂದರು ಮರಾಠಿಯಲ್ಲಿ, ತಪ್ಪು ನನ್ನದು ಎಂದು. ಬಹುಮಾನ ತೆಗೆದುಕೊಳ್ಳುವವರ ದನಿಯಲ್ಲಿ ಅದನ್ನು ಹೇಳಿದ ಇನ್ನೊಬ್ಬರನ್ನು ನಾನು ಇಂದಿಗೂ ನೋಡಿಲ್ಲ. ತಪ್ಪು ತಮ್ಮದೆಂದರೆ ಮೊಲದ್ದಲ್ಲ, ಮೊಲದ್ದಲ್ಲವೆಂದರೆ ನಾವು ಗೆದ್ದಿದ್ದೇವೆ, ಅಷ್ಟೇ ಅವರ ಲೆಕ್ಕಾಚಾರ.

ಸಾಹೇಬರು ಎದ್ದು ಕಿಟಕಿಯ ಹತ್ತಿರ ಹೋದರು. ಕನ್ನಡಕ ತೆಗೆದು ನೋಡಿದರು, ಹಾಕಿಕೊಂಡು ನೋಡಿದರು. ಕೊನೆಗೆ, "ಬಾಯಿ, ಸಸೆ ಠೇವಾ," ಎಂದರು. ಅಮ್ಮಾ, ಮೊಲಗಳನ್ನು ಇಟ್ಟುಕೊಳ್ಳಿ ಎಂದು. ಏಜೆನ್ಸಿಯ ಮಾತು ಆ ದಿನ ಯಾರೂ ಎತ್ತಲಿಲ್ಲ, ಆಮೇಲೂ ಎತ್ತಲಿಲ್ಲ.

ಹೊರಗೆ ಬಂದವರೇ ಅಕ್ಕೋರು ಟಪರಿಯವನಿಗೆ ಕೂಗಿ ಹೇಳಿದರು, ಇಡೀ ಲ್ಯಾಬಿಗೆ ಚಹಾ, ಹಾಲು ಹಾಕದ್ದು. ಅವನು ತಪ್ಪು ಕೇಳಿಸಿತೇನೋ ಎಂದು ಗೇಟಿನ ತನಕ ಬಂದು ವಿಚಾರಿಸಿದ. "ಹೌದಪಾ, ಹಾಲು ಇವತ್ತ ಸೋತೈತಿ," ಎಂದು ಕನ್ನಡದಲ್ಲೇ ಉತ್ತರ ಕೊಟ್ಟರು. ಕಪ್ಪು ಚಹಾ ಬಂತು. ಎಲ್ಲರೂ ಗ್ಲಾಸು ಎತ್ತಿದೆವು. ಅಕ್ಕೋರು ಒಂದು ಗುಟುಕು ಕುಡಿದು ಕಷಾಯ ಕುಡಿದವರಂತೆ ಮುಖ ಕಿವುಚಿದರು, ಆದರೆ ತಳ ಕಾಣುವವರೆಗೆ ಬಿಡಲಿಲ್ಲ. ಅದೇ ನಮ್ಮ ಲ್ಯಾಬಿನ ಪದ್ಧತಿಯಾಯಿತು. ಯಾರ ಗೆರೆ ಬಂದರೂ ಹಾಲಿಲ್ಲದ ಚಹಾ, ಪ್ರತಿ ಸಲವೂ ಅಕ್ಕೋರ ಆ ಮುಖ.

ಯಜಮಾನ್ತಿಯ ಆಂಟಿಬಾಡಿ ಪುಣೆಗೆ ಹೋಯಿತು, ಹೈದರಾಬಾದಿಗೆ ಹೋಯಿತು. ಜೊತೆಗೆ ಕೊಡುವ ಸೂಚನೆಯ ಕಾಗದದಲ್ಲಿ ಎಲ್ಲಕ್ಕಿಂತ ಮೇಲೆ, ದಪ್ಪ ಅಕ್ಷರದಲ್ಲಿ, ಹಾಲು ಬಳಸಬೇಡಿ ಎಂದು ಅಕ್ಕೋರೇ ಹಾಕಿಸಿದ್ದರು. ಒಂದು ದಿನ ಹೊರದೇಶದ ವಿಶ್ವವಿದ್ಯಾಲಯವೊಂದರಿಂದ ಆರ್ಡರು ಬಂತು. ಆ ಡಬ್ಬಿಗೆ ಐಸನ್ನು ಅಕ್ಕೋರು ತಾವೇ ತುಂಬಿದರು, ಅದುಮಿ ಅದುಮಿ ತುಂಬಿದರು. "ಅವರ ಕಸ್ಟಮ್ಸ್‌ನ್ಯಾಗ ಕೂತರ ಕೂಡ್ಲಿ, ಕರಗಬಾರದು," ಎಂದು ಟೇಪು ಸುತ್ತುವಾಗ ಅವರ ಮುಖದಲ್ಲಿದ್ದ ಬೆಳಕನ್ನು ನಾನು ಮರೆಯಲಾರೆ. ಎಂಐಡಿಸಿಯ ಹೊಗೆಯ ನಡುವಿನಿಂದ ಒಂದು ಡಬ್ಬಿ ಉಲ್ಟಾ ದಿಕ್ಕಿಗೆ ಹೊರಟಿತ್ತು.

ಮೊಲದ ಆಂಟಿಬಾಡಿಯ ಒಂದು ಗುಣವೆಂದರೆ, ಅದು ಆ ಒಂದು ಮೊಲದ್ದೇ. ಮೊಲ ಸತ್ತ ಮೇಲೆ ಸೀಸೆಯಲ್ಲಿ ಉಳಿದಷ್ಟೇ. ಇನ್ನೊಂದು ಮೊಲಕ್ಕೆ ಅದೇ ಪ್ರೋಟೀನು ಚುಚ್ಚಿದರೂ ಬರುವುದು ಬೇರೆಯೇ. ಯಜಮಾನ್ತಿ ವಯಸ್ಸಾಗಿ ಹೋದ ಮೇಲೆ ಬೇರೆ ಮೊಲಗಳವು ಬಂದವು, ಚೆನ್ನಾಗಿಯೇ ಇದ್ದವು, ಆದರೆ ಅಷ್ಟು ಚೂಪಾಗಿರಲಿಲ್ಲ. ನಾನು ಪಾಠ ಮಾಡುವ ಕೆಲಸ ಸಿಕ್ಕಿ ಕಲ್ಯಾಣಕ್ಕೆ ಹೊರಟಾಗ ಅಕ್ಕೋರು ಯಜಮಾನ್ತಿಯ ಒಂದು ಸೀಸೆಯನ್ನು ಥರ್ಮಾಸಿನಲ್ಲಿ ಐಸು ಹಾಕಿ ಕೊಟ್ಟರು. "ನಿನ್ನ ಮಕ್ಕಳಿಗೆ ತೋರಸವಾ," ಎಂದರು. ಮಕ್ಕಳೆಂದರೆ ವಿದ್ಯಾರ್ಥಿಗಳು. ಕೆಲವು ವರ್ಷಗಳ ಹಿಂದೆ, ಸಣ್ಣ ಕಾಯಿಲೆಯಲ್ಲೇ, ವರ್ತಕ ನಗರದ ಮನೆಯಲ್ಲಿ ಅವರು ತೀರಿಕೊಂಡರು. ನಾನು ಹೋಗಿದ್ದೆ. ಅಷ್ಟು ಜೋರು ಮಾತಿನ ಮನೆ ಅಷ್ಟು ಸುಮ್ಮನಿದ್ದದ್ದು... ಅದರ ಬಗ್ಗೆ ಹೆಚ್ಚು ಬರೆಯಲು ನನ್ನಿಂದಾಗದು.

ಮೊನ್ನೆ ಐಸಿನ ಮೇಲಿದ್ದದ್ದು ಅದೇ ಸೀಸೆ. ವರ್ಷಕ್ಕಿಷ್ಟೆಂದು ಬಳಸಿ ಬಳಸಿ ತಳದಲ್ಲಿ ಒಂದೇ ಪರೀಕ್ಷೆಗಾಗುವಷ್ಟು ಉಳಿದಿತ್ತು. ಹುಡುಗಿಗೆ ಹಾಲಿನ ಡಬ್ಬಿ ಮುಚ್ಚಿಸಿ ಆಲ್ಬುಮಿನ್ ಕೊಟ್ಟೆ. ಇಷ್ಟು ವರ್ಷ ಫ್ರೀಜರಿನಲ್ಲಿದ್ದದ್ದು, ಇನ್ನೂ ಜೀವವಿದೆಯೋ ಇಲ್ಲವೋ ಎಂದು ನನಗೆ ಒಳಗೊಳಗೇ ಅಳುಕು. ಈಗ ಡಾರ್ಕ್‌ರೂಮಿಲ್ಲ, ಯಂತ್ರದ ಪರದೆಯ ಮೇಲೆ ಚಿತ್ರ ಬರುತ್ತದೆ. ಇಬ್ಬರೂ ಬಗ್ಗಿ ನೋಡಿದೆವು. ಮೊದಲು ಏನೂ ಇರಲಿಲ್ಲ. ಆಮೇಲೆ ಒಂದು ಮಬ್ಬು. ಆಮೇಲೆ ಗೆರೆ, ಅದೇ ಕಾಡಿಗೆಯ ಗೆರೆ, ಅದೇ ಜಾಗದಲ್ಲಿ.

"ಬಂತು!" ಎಂದು ಕೂಗಿದವಳು ನಾನಲ್ಲ. ಎಂದೂ ನನ್ನ ಜೊತೆ ಕನ್ನಡ ಮಾತಾಡದ ಆ ಹುಡುಗಿ.

ಕ್ಯಾಂಟೀನಿನಿಂದ ಎಲ್ಲರಿಗೂ ಹಾಲು ಹಾಕದ ಚಹಾ ತರಿಸಿದೆ. ಯಾಕೆಂದು ಕೇಳಿದರು, ಈಗ ಬರೆದಷ್ಟನ್ನೂ ಹೇಳಿದೆ. ಸೀಸೆ ತೊಳೆಯಲು ಎತ್ತಿಕೊಂಡ ಹುಡುಗಿಯನ್ನು ತಡೆದು, ಹಾಗೇ ಇರಲಿ ಎಂದು ಖಾಲಿ ಸೀಸೆಯನ್ನು ತಿರುಗಿ ಫ್ರೀಜರಿನಲ್ಲಿ ಅದರ ಜಾಗದಲ್ಲೇ ಇಟ್ಟೆ. ಆಮೇಲೆ ಗ್ಲಾಸು ಎತ್ತಿ ಒಂದು ಗುಟುಕು ಕುಡಿದೆ. ಕಹಿಯೆಂದರೆ ಕಹಿ. ಮುಖ ಕಿವುಚಿ, ತಳ ಕಾಣುವವರೆಗೆ ಕುಡಿದೆ.